ಐದಾರು ಈಡಿಗೇ ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಏನು ಮಾಡಲಿ?

ತೀರ್ಥಹಳ್ಳಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಎರಡು ತಿಂಗಳ ಹಿಂದೆ .50 ಕ್ಯಾಲಿಬರ್‌ನ ಕೇಪಿನ ಕೋವಿ ತಗೊಂಡೆ, ಅಂದರೆ ಅರ್ಧ ಇಂಚು ಅಗಲದ ನಳಿಗೆಯ ಬಾಯಿಂದ ಮದ್ದು, ಗುಂಡು ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವ ಹಳೇ ಮಾದರಿ. ಅಜ್ಜನ ಮನೆಯಲ್ಲಿ ಇಂಥದ್ದೇ ಒಂದಿತ್ತು, ತೋಟಕ್ಕೆ ಮಂಗಗಳು ಬಂದರೆ ಬರೀ ಮದ್ದು ಜಡಿದು ಸದ್ದು ಮಾಡುತ್ತಿದ್ದರು, ಆ ಹೊಗೆಯ ವಾಸನೆ ಇವತ್ತಿಗೂ ಮರೆತಿಲ್ಲ. ನಾನು ಹಾಕುವುದು 60 ಗ್ರೇನ್ (ಸುಮಾರು 4 ಗ್ರಾಂ) ಎರಡು ಎಫ್ ಮದ್ದು (ಎಫ್ ಅಂದರೆ ಕಾಳಿನ ಗಾತ್ರದ ಗುರುತು), .490 ಇಂಚಿನ ಸೀಸದ ಗುಂಡು, ಅದಕ್ಕೆ ಸುತ್ತಲು .015 ಇಂಚು ದಪ್ಪದ ಹತ್ತಿ ಬಟ್ಟೆ. ಮೊದಲ ನಾಲ್ಕು ಈಡು ಚೆನ್ನಾಗಿ ಹೋಗುತ್ತದೆ. ಆಮೇಲೆ ಗುಂಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಕೋಲಿಗೆ ಮೈಭಾರ ಹಾಕಿ ತಳ್ಳಬೇಕು. ಇನ್ನೊಂದು, ಶನಿವಾರ ಹೊಡೆದು ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟಿದ್ದೆ, ಸೋಮವಾರ ನೋಡಿದರೆ ಒಳಗೆಲ್ಲ ಕೆಂಪು ತುಕ್ಕು. ಬೇಜಾರಾಗಿದೆ.

ಮದ್ದಿನ_ಹೊಗೆ:
ಎರಡಕ್ಕೂ ಕಾರಣ ಒಂದೇ, ಕಿಟ್ಟ. ಕಪ್ಪು ಮದ್ದು ಅಂದರೆ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದಾಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿಲವಾಗುವುದೇ ಇಲ್ಲ. ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆ ಕಿಟ್ಟ ಉಪ್ಪಿನ ಹಾಗೆ ಗಾಳಿಯಲ್ಲಿರುವ ನೀರು ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ.

ಪ್ರತಿ ಈಡಿನ ನಂತರ ಸ್ವಲ್ಪ ಒದ್ದೆ ಮಾಡಿದ ಬಟ್ಟೆ ಒಂದು ಸಲ ಆಡಿಸಿ, ಆಮೇಲೆ ಒಣ ಬಟ್ಟೆ. ಗುಂಡಿನ ಬಟ್ಟೆಗೆ ಜೇನುಮೇಣ ಮತ್ತು ಆಲಿವ್ ಎಣ್ಣೆ ಕಾಯಿಸಿ ಬೆರೆಸಿ ಸವರಿ, ಮೆಷಿನ್ ಎಣ್ಣೆ ಬೇಡ, ಅದು ಕಿಟ್ಟದ ಜೊತೆ ಸೇರಿ ಟಾರಿನ ಹಾಗಾಗುತ್ತದೆ. ಮನೆಗೆ ಬಂದ ದಿನವೇ ನಳಿಗೆ ಬಿಚ್ಚಿ, ಹಿಂಭಾಗವನ್ನು ಬಿಸಿ ಸೋಪು ನೀರಿನ ಬಕೆಟ್‌ನಲ್ಲಿಟ್ಟು, ಕೋಲಿಗೆ ಬಟ್ಟೆ ಸಿಕ್ಕಿಸಿ ಪಂಪಿನ ಹಾಗೆ ಮೇಲೆ ಕೆಳಗೆ ಆಡಿಸಿ. ನೀರು ತಿಳಿಯಾಗಿ ಬರುವವರೆಗೆ. ಒಣಗಿಸಿ ಎಣ್ಣೆ ಹಾಕಿ, ಮರುದಿನ ಇನ್ನೊಮ್ಮೆ ನೋಡಿ.

ಸಾಧ್ಯವಾದರೆ ಇಂಡಿಯಾನಾದ ಫ್ರೆಂಡ್‌ಶಿಪ್ ಊರಿಗೆ ಬನ್ನಿ. 1933ರಲ್ಲಿ ಶುರುವಾದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್‌ನ ಮೈದಾನ ಅಲ್ಲಿದೆ. ನನಗೆ ಅಲ್ಲಿನ ಹಿರಿಯರೇ ಕೂರಿಸಿಕೊಂಡು ಕಲಿಸಿದ್ದು.

ಬೆಟ್ಟದಾಚೆ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಗುಂಡು ಅರ್ಧದಲ್ಲಿ ನಿಂತಿದೆ ಅಂದಿದ್ದು ಓದಿ ಎದೆ ಧಸಕ್ ಎಂದಿತು. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಜಾಗ ಉಳಿದರೆ ನಳಿಗೆ ಸೀಳಬಹುದು. ದಯವಿಟ್ಟು ಹಾಗೆ ಹೊಡೆಯಬೇಡಿ. ಸರಿಯಾಗಿ ಕೂತಾಗ ಕೋಲಿನ ಮೇಲೆ ಒಂದು ಗೆರೆ ಹಾಕಿಟ್ಟುಕೊಳ್ಳಿ, ಪ್ರತಿ ಸಲವೂ ಗೆರೆ ನೋಡಿ. ಡಬ್ಬದಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬೇಡಿ, ಒಳಗೆ ಒಂದು ಕಿಡಿ ಉಳಿದಿದ್ದರೂ ಕೈಯಲ್ಲಿರುವ ಡಬ್ಬವೇ ಸಿಡಿಯುತ್ತದೆ, ಅಳತೆ ಕೊಳವೆಗೆ ಹಾಕಿಕೊಂಡೇ ಸುರಿಯಿರಿ. ಕೇಪು ಹೊಡೆದು ಈಡು ಹಾರದಿದ್ದರೆ ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಹೊಗೆಯಿಲ್ಲದ ಹೊಸ ಕಾಲದ ಮದ್ದನ್ನು ಇದಕ್ಕೆ ಒಂದು ಚಿಟಿಕೆಯೂ ಹಾಕಬಾರದು.

ಕೊಡಗಿನ_ಕೋವಿ:
ಬಿಸಿ ನೀರಿನ ಮಾತು ಓದಿ ಖುಷಿಯಾಯಿತು, ನಮ್ಮ ಅಜ್ಜನೂ ಹಳೇ ಕೇಪಿನ ಕೋವಿಗೆ ಕುದಿಯುವ ನೀರೇ ಹಾಕುತ್ತಿದ್ದರು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಟ್ಟು, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ನಮ್ಮಲ್ಲಿದೆ. ಓದಿ ಆಸೆಪಟ್ಟು ಊರಲ್ಲಿ ಹಳೇ ಕೋವಿ ಹುಡುಕಲು ಹೊರಡುವವರಿಗೆ ಒಂದು ಮಾತು: ಮದ್ದು ಜಡಿಯುವ ಕೋವಿಗೂ ಲೈಸೆನ್ಸ್ ಬೇಕು, ನಮಗೆ ಕೊಡವರಿಗಿರುವ ವಿನಾಯಿತಿ ಎಲ್ಲರಿಗೂ ಇಲ್ಲ.

ತೀರ್ಥಹಳ್ಳಿ_ಹುಡುಗ:
ತುಂಬಾ ಥ್ಯಾಂಕ್ಸ್. ನಿನ್ನೆ ಒದ್ದೆ ಬಟ್ಟೆ ಆಡಿಸುತ್ತಾ ಹೊಡೆದೆ, ಹದಿನೈದು ಈಡು, ಒಂದೂ ಸಿಕ್ಕಿಕೊಳ್ಳಲಿಲ್ಲ. ಕೋಲಿಗೆ ಗೆರೆ ಹಾಕಿದ್ದೇನೆ. ಬಕೆಟ್ ನೀರು ಮೂರು ಸಲ ಬದಲಾಯಿಸಬೇಕಾಯಿತು, ಮೊದಲನೆಯದು ಇದ್ದಿಲು ಕಲಸಿದ ಹಾಗಿತ್ತು. ಇವತ್ತು ಬೆಳಿಗ್ಗೆ ಬಿಳಿ ಬಟ್ಟೆ ಆಡಿಸಿ ನೋಡಿದೆ, ತುಕ್ಕಿಲ್ಲ.