ಅಪ್‌ಡೇಟ್: ಕಾಣದ ಕೂಲಂಟ್ ಲೀಕ್ ಕೊನೆಗೂ ಸಿಕ್ಕಿತು

ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ನಮ್ಮ ಕಾರಿನ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಇಳಿಯುತ್ತಿದೆ, ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಬಿಸಿಯಾಗುತ್ತಿದೆ ಅಂತ ಇಲ್ಲಿ ಹಿಂದೆ ಕೇಳಿದ್ದೆನಲ್ಲ, ಅದು ಸರಿಹೋಯಿತು. ಮೊನ್ನೆ ಎಸಿ ಹಾಕಿಕೊಂಡೇ ಘಾಟಿ ಹತ್ತಿದೆ, ಟೆಂಪರೇಚರ್ ಮುಳ್ಳು ಅಲುಗಲಿಲ್ಲ. ತೊಂದರೆ ಇದ್ದದ್ದು ಕೂಲಂಟನ್ನು ಇಂಜಿನ್ ಒಳಗೆ ಓಡಿಸುವ ವಾಟರ್ ಪಂಪ್‌ನಲ್ಲಿ.

ಕೆಲಸಕ್ಕೆ ಬಂದಿದ್ದು ಪ್ರೆಶರ್ ಟೆಸ್ಟ್ ಮಾಡಿಸಿ ಎಂದವರ ಸಲಹೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿದ್ದಷ್ಟೇ, ಅಂದರೆ 1.1 ಬಾರ್ ಒತ್ತಡ ಕೊಟ್ಟರು. ಅದು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್ ಬಿಟ್ಟು ನೋಡಿದರೆ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಒಣಗಿದ ಗುಲಾಬಿ ಗೆರೆ, ಅದರ ತುದಿಯಲ್ಲಿ ಹೊಸ ಹನಿ! ಆ ತೂತನ್ನು ಬೇಕೆಂದೇ ಇಟ್ಟಿರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗಿನ ಸೀಲ್ ಸವೆದರೆ ಕೂಲಂಟ್ ಬೇರಿಂಗ್‌ಗೆ ನುಗ್ಗದೆ ಹೊರಗೆ ಬರಲಿ ಅಂತ. ಬಿಸಿ ಇಂಜಿನ್ ಮೇಲೆ ಹನಿ ಆರಿಹೋಗುವುದರಿಂದ ನೆಲ ಒದ್ದೆಯಾಗುತ್ತಿರಲಿಲ್ಲ.

ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟ್ ಹರಿವನ್ನು ತೆರೆದು ಮುಚ್ಚುವ ಕವಾಟ) ಬದಲಿಸಿದ್ದರಿಂದ ಏನೂ ಆಗಲಿಲ್ಲ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಭಾಗವಾದ ಹೆಡ್ ನಡುವಿನ ಸೀಲ್) ಹೋಗಿದೆಯೇನೋ ಎಂಬ ಅನುಮಾನಕ್ಕೆ ನೀಲಿ ದ್ರವದ ಟೆಸ್ಟ್ ಮಾಡಿಸಿದೆ. ಕೂಲಂಟ್‌ಗೆ ಇಂಜಿನ್ ಹೊಗೆ ಸೇರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ, ನಮ್ಮದು ನೀಲಿಯಾಗೇ ಉಳಿಯಿತು. ಹೆಡ್ ಬಿಚ್ಚಿಸುವ ಮೊದಲು ಇದನ್ನು ಮಾಡಿಸಿಯೇ ಮಾಡಿಸಿ, ಖರ್ಚು ಜಾಸ್ತಿ ಇಲ್ಲ. ಸ್ಟಾಪ್ ಲೀಕ್ (ಸೋರಿಕೆ ಮುಚ್ಚಲು ಕೂಲಂಟ್ ಜೊತೆ ಬೆರೆಸುವ ಪದಾರ್ಥ) ಹಾಕಿದರೆ ಕಾರಿನೊಳಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರ್‌ನ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬಹುದು ಎಂದು ತಡೆದವರಿಗೂ ತುಂಬಾ ಥ್ಯಾಂಕ್ಸ್.

ಪಂಪ್ ಜೊತೆ ಮುಚ್ಚಳವನ್ನೂ ಹೊಸದು ಹಾಕಿಸಿದೆ. ಒತ್ತಡ ಇಳಿಯದೆ ಸರಿಯಾಗಿ ಉಳಿದರೆ ಬರೀ ನೀರೂ 100 ಡಿಗ್ರಿ ಬದಲು ಸುಮಾರು 120ಕ್ಕೆ ಕುದಿಯುತ್ತದೆ, ಅಷ್ಟು ಮುಖ್ಯ ಆ ಮುಚ್ಚಳ. ಕೂಲಂಟ್ ತುಂಬಿದ ಮೇಲೆ ಹೀಟರ್ ಫುಲ್ ಇಟ್ಟು ಕೂಲಂಟ್ ಹರಿಯುವ ಕೊಳವೆಗಳ ಒಳಗಿನ ಗಾಳಿ ತೆಗೆಸುವುದನ್ನೂ ಮರೆಯಬೇಡಿ.