ಗೇಮ್ ಕಂಟ್ರೋಲರಿನಿಂದ ನಾಟಕದ ಬೆಳಕು ನಡೆಸಿದವರು ಯಾರಾದರೂ ಇದ್ದೀರಾ?

ಹಾಸನ (ಪ್ರಶ್ನೆ): ನಮ್ಮದು ಹವ್ಯಾಸಿ ತಂಡ. ಎಂಟು ಎಲ್‌ಇಡಿ ಪಾರ್ ಲೈಟುಗಳು (ಒಂದೇ ಕಡೆ ಬೆಳಕು ಚೆಲ್ಲುವ ದೀಪಗಳು) ಸ್ವಂತದ್ದಿವೆ, ಎರಡು ಮೂವಿಂಗ್ ಹೆಡ್ (ಎಲ್ಲ ಕಡೆ ತಿರುಗುವ ದೀಪ) ಬಾಡಿಗೆಗೆ ತರುತ್ತೇವೆ. ಬೆಳಕು ನಡೆಸುವ ಕನ್ಸೋಲ್ ತರುವಷ್ಟು ಹಣವಿಲ್ಲ. ಲ್ಯಾಪ್‌ಟಾಪಿನಲ್ಲಿ ಕ್ಯೂಎಲ್‌ಸಿ ಪ್ಲಸ್ ಎಂಬ ಬೆಳಕಿನ ತಂತ್ರಾಂಶ ಹಾಕಿ, ಮನೆಯಲ್ಲಿರುವ ಗೇಮ್ ಕಂಟ್ರೋಲರಿನಿಂದಲೇ ಎಲ್ಲವನ್ನೂ ನಡೆಸುವ ಯೋಚನೆ. ಒಂದು ದೃಶ್ಯದಲ್ಲಿ ನಟಿ ರಂಗದ ತುಂಬ ಓಡುತ್ತಾಳೆ, ಬೆಳಕು ಅವಳನ್ನು ಹಿಂಬಾಲಿಸಬೇಕು. ಕೈಯಲ್ಲಿರುವುದು 12,000 ರೂಪಾಯಿ. ಲ್ಯಾಪ್‌ಟಾಪನ್ನು ದೀಪಗಳಿಗೆ ಜೋಡಿಸಲು ಯಾವ ಡಾಂಗಲ್ ಕೊಳ್ಳಲಿ?

ಶಿವಮೊಗ್ಗ: ಧೈರ್ಯವಾಗಿ ಮಾಡಿ. ನಮ್ಮ ತಂಡ ಈಗ ಇದರಲ್ಲೇ ನಡೆಯುತ್ತಿದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಕಂಟ್ರೋಲರ್ ಹಳೆಯದು, 900 ರೂಪಾಯಿಗೆ ಸಿಕ್ಕಿತು. ಎಡಗಡೆಯ ಸ್ಟಿಕ್ ಮೂವಿಂಗ್ ಹೆಡ್ಡಿನ ಪ್ಯಾನ್ (ಅಡ್ಡ ತಿರುಗುವುದು) ಮತ್ತು ಟಿಲ್ಟ್‌ಗೆ (ಮೇಲೆ ಕೆಳಗೆ ಬಾಗುವುದು), ಒಂದು ಗುಂಡಿ ಮುಂದಿನ ಕ್ಯೂಗೆ, ಅಂದರೆ ಮುಂದಿನ ಬೆಳಕಿನ ಬದಲಾವಣೆಗೆ, ಇನ್ನೊಂದು ಹಿಂದಿನ ಕ್ಯೂಗೆ. ತಂತ್ರಾಂಶದ ಇನ್‌ಪುಟ್ ಪ್ರೊಫೈಲಿನಲ್ಲಿ ಸ್ಟಿಕ್ಕಿನ ಚಲನೆಯನ್ನು ‘ರಿಲೇಟಿವ್’ ಎಂದು ಇಡಲೇಬೇಕು. ಆಗ ಸ್ಟಿಕ್ ಎಷ್ಟು ಬಾಗಿದರೆ ಅಷ್ಟು ವೇಗದಲ್ಲಿ ಬೆಳಕು ಸರಿಯುತ್ತದೆ, ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಹಾಗೆ ಇಡದಿದ್ದರೆ ಬೆರಳು ತೆಗೆದ ಕ್ಷಣವೇ ಬೆಳಕು ರಂಗದ ನಡುವಿಗೆ ಓಡಿಬರುತ್ತದೆ.

ಪ್ಯಾನ್‌ನ ಫೈನ್ ಚಾನೆಲ್, ಅಂದರೆ ಸಣ್ಣ ಚಲನೆಗೆಂದೇ ಇರುವ ಎರಡನೆಯ ಚಾನೆಲ್ ಕೂಡ ಸೇರಿಸಿ. 540 ಡಿಗ್ರಿ ತಿರುಗುವ ಹೆಡ್ಡಿಗೆ ಒಂದೇ ಚಾನೆಲ್ ಕೊಟ್ಟರೆ ಒಂದೊಂದು ಹೆಜ್ಜೆಯೂ ಎರಡು ಡಿಗ್ರಿಗಿಂತ ಹೆಚ್ಚು. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು 37 ಸೆಂಟಿಮೀಟರಿನ ಜಿಗಿತ. ನಟಿಯ ಮುಖ ಬೆಳಕಿನಿಂದ ಆಚೆ ಈಚೆ ಬೀಳುತ್ತಿರುತ್ತದೆ.

ಧಾರವಾಡ: ಮೇಲಿನವರು ಅರ್ಧ ಕಥೆ ಹೇಳಿದ್ದಾರೆ. ನಾನು ಇದೇ ದಾರಿ ಹಿಡಿದು ದುಡ್ಡನ್ನೂ ಮರ್ಯಾದೆಯನ್ನೂ ಕಳೆದುಕೊಂಡವನು, ಲೆಕ್ಕ ಕೇಳಿ. ಹೊಸ ಬ್ಲೂಟೂತ್ ಕಂಟ್ರೋಲರ್ 4,200. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದ ಅಗ್ಗದ ಡಾಂಗಲ್ 1,150. ಅದನ್ನು ಬದಲಾಯಿಸಲು ಹೋಗಿ ಬಂದ ಬಸ್ ಖರ್ಚು ಬೇರೆ, ಅಂಗಡಿಯವನು ಬದಲಾಯಿಸಿಯೂ ಕೊಡಲಿಲ್ಲ. ಎರಡನೆಯ ಅಂಕದಲ್ಲಿ ದೀರ್ಘವಾದ ಸಂಭಾಷಣೆ, ಬೆಳಕು ಬದಲಾಗುವುದೇ ಇಲ್ಲ. ಅಷ್ಟು ಹೊತ್ತು ಯಾರೂ ಮುಟ್ಟದ ಕಂಟ್ರೋಲರ್ ತಾನಾಗಿ ಆರಿಹೋಯಿತು. ಸಾವಿನ ದೃಶ್ಯಕ್ಕೆ ಬೆಳಕು ಇಳಿಸಬೇಕೆಂದು ಗುಂಡಿ ಒತ್ತಿದರೆ ಏನೂ ಇಲ್ಲ. ಸತ್ತ ನಟ ಪೂರ್ಣ ಬೆಳಕಿನಲ್ಲಿ ಉಸಿರಾಡುತ್ತ ಮಲಗಿದ್ದ. ಪ್ರೇಕ್ಷಕರು ನಕ್ಕರು. ನಿರ್ದೇಶಕರು ನನ್ನೊಡನೆ ಇಂದಿಗೂ ಸರಿಯಾಗಿ ಮಾತನಾಡುವುದಿಲ್ಲ.

ಈಗ ನನ್ನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸುವ, ಎಂಟು ಫೇಡರುಗಳ (ಮೇಲೆ ಕೆಳಗೆ ಜಾರಿಸುವ ಹಿಡಿಗಳ) ಮಿಡಿ ಬೋರ್ಡ್ ಇದೆ. ಬಳಸಿದ್ದು, 5,500 ಕೊಟ್ಟೆ. ಫೇಡರ್ ಇಟ್ಟಲ್ಲಿ ಇರುತ್ತದೆ. ನಾಟಕಕ್ಕೆ ಬೇಕಾದದ್ದು ಅದು.

ಶಿವಮೊಗ್ಗ: ಬ್ಲೂಟೂತ್ ಕಂಟ್ರೋಲರ್ ಕೆಲಸವಿಲ್ಲದಿದ್ದರೆ ನಿದ್ದೆಗೆ ಜಾರುವುದು ಬ್ಯಾಟರಿ ಉಳಿಸಲು. ಅದರ ಪೆಟ್ಟಿಗೆಯೊಳಗಿನ ಕಾಗದದಲ್ಲೇ ಬರೆದಿರುತ್ತದೆ. ವೈರ್ ಇರುವುದನ್ನು ಬಳಸಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ತಮ್ಮ ನಿರ್ದೇಶಕರ ಕೋಪವನ್ನು ಇಡೀ ವಿಧಾನದ ಮೇಲೆ ಹೊರಿಸಬೇಡಿ.

ಧಾರವಾಡ: ವೈರ್ ಎಷ್ಟುದ್ದ ಎಂದು ನೀವು ಹೇಳಲಿಲ್ಲ. ನಮ್ಮ ಸಭಾಂಗಣದಲ್ಲಿ ಲ್ಯಾಪ್‌ಟಾಪ್ ಪರದೆಯ ಪಕ್ಕದಲ್ಲಿ, ನಾನು ಕೂರಬೇಕಾದದ್ದು ಪ್ರೇಕ್ಷಕರ ಹಿಂದೆ. ಯುಎಸ್‌ಬಿ ವೈರ್ ಐದು ಮೀಟರ್ ದಾಟಿದರೆ ನಂಬುವಂತಿಲ್ಲ. ಹಾಗಾಗಿ ಬ್ಲೂಟೂತ್. ಗೊತ್ತಿಲ್ಲದೆ ಮಾಡಿದ ಕೆಲಸವಲ್ಲ ಅದು.

ಶಿವಮೊಗ್ಗ: ಲ್ಯಾಪ್‌ಟಾಪನ್ನೇ ಹಿಂದಕ್ಕೆ ಒಯ್ದು, ದೀಪಗಳಿಗೆ ಆಜ್ಞೆ ಒಯ್ಯುವ ಡಿಎಂಎಕ್ಸ್ ಕೇಬಲನ್ನು ಮುಂದಕ್ಕೆ ಎಳೆಯುವುದು ಎಲ್ಲರೂ ಮಾಡುವ ಕ್ರಮ. ಆ ಕೇಬಲ್ ನೂರು ಮೀಟರ್ ಹೋದರೂ ತೊಂದರೆಯಿಲ್ಲ.

ಮೈಸೂರು: ಡಿಮ್ಮರ್ ಹಿಡಿಯನ್ನು ಕೈಯಲ್ಲಿ ತಿರುಗಿಸಿ ಬೆಳಕು ಮಾಡಿದ ಕಾಲದವನು ನಾನು. ಇಲ್ಲಿ ಎಲ್ಲರೂ ಗುಂಡಿಯ ಬಗ್ಗೆಯೇ ಬರೆಯುತ್ತಿದ್ದೀರಿ, ದೀಪದ ಬಗ್ಗೆ ಒಬ್ಬರೂ ಇಲ್ಲ. ಕಲ್ಕತ್ತೆಯ ಬೆಳಕಿನ ವಿನ್ಯಾಸಕ ತಾಪಸ್ ಸೇನರು ಕಲ್ಲಿದ್ದಲ ಗಣಿಗೆ ನೀರು ನುಗ್ಗುವುದನ್ನು ರಂಗದ ಮೇಲೆ ಬೆಳಕಿನಲ್ಲಿ ತೋರಿಸಿದಾಗ ಯಾವ ಲ್ಯಾಪ್‌ಟಾಪ್ ಇತ್ತು? ಹನ್ನೆರಡು ಸಾವಿರಕ್ಕೆ ಹಳೆಯ ಸ್ಪಾಟುಗಳು ಸಿಗುತ್ತವೆ, ಬಣ್ಣದ ಹಾಳೆ ಸಿಗುತ್ತದೆ. ಹ್ಯಾಲೊಜನ್ ಬೆಳಕು ಇಳಿಯುತ್ತ ಕೆಂಪಾಗುವ ಚೆಂದ ಎಲ್‌ಇಡಿಯಲ್ಲಿ ಎಲ್ಲಿದೆ? ಅದು ಕೊನೆಯಲ್ಲಿ ತಟಕ್ಕನೆ ಆರುತ್ತದೆ.

ಶಿವಮೊಗ್ಗ: ಮೇಷ್ಟ್ರೇ, ನಿಮ್ಮ ಅನುಭವಕ್ಕೆ ನಮಸ್ಕಾರ. ಆದರೆ ಸಾವಿರ ವ್ಯಾಟಿನ ಹ್ಯಾಲೊಜನ್ ಒಂದಕ್ಕೆ ನಾಲ್ಕು ಆಂಪಿಯರಿಗೂ ಹೆಚ್ಚು ಬೇಕು. ಊರಿನ ಸಭಾಭವನದ 15 ಆಂಪಿಯರ್ ಸಾಕೆಟ್ಟಿನಲ್ಲಿ ಮೂರಕ್ಕಿಂತ ಹೆಚ್ಚು ಉರಿಸಲಾಗದು. ಉಳಿದದ್ದಕ್ಕೆ ಜನರೇಟರ್ ಬಾಡಿಗೆ, ಡೀಸೆಲ್, ಅದನ್ನು ನೋಡಿಕೊಳ್ಳುವವನ ಊಟ. ಆ ಲೆಕ್ಕವನ್ನು ಯಾರು ಕೊಡುತ್ತಾರೆ?

ಮೈಸೂರು: ಮೂರೇ ದೀಪದಲ್ಲಿ ಇಡೀ ನಾಟಕ ಮಾಡಿದ್ದೇವೆ. ದೀಪ ಎಲ್ಲಿ ಇಡಬೇಕೆಂದು ತಿಳಿದಿರಬೇಕು.

ಉಡುಪಿ: ಕೇಬಲ್ ಮಾತು ಬಂತಲ್ಲ, ನನ್ನ ಗೋಳನ್ನೂ ಕೇಳಿ. ಡಿಎಂಎಕ್ಸ್‌ಗೆ ಮೈಕಿನ ಕೇಬಲ್ ಸಾಕು ಎಂದು ಬಾಡಿಗೆಯವರು ಕೊಟ್ಟರು. ಮೂರು ಪಿನ್ನು ಹೊಂದುತ್ತದೆ, ಬೆಳಕೂ ಬರುತ್ತದೆ. ಜನ ತುಂಬಿದ ಮೇಲೆ ಕೊನೆಯ ಎರಡು ಪಾರ್ ಲೈಟುಗಳು ಹುಚ್ಚು ಹಿಡಿದಂತೆ ಮಿನುಗತೊಡಗಿದವು. ಮರುದಿನ ಕೊನೆಯ ದೀಪದ ಔಟ್‌ಪುಟ್ಟಿಗೆ 120 ಓಮ್ ರೆಸಿಸ್ಟರ್ ಬೆಸೆದ ಪಿನ್ನು ಚುಚ್ಚಿದೆ, ಶಾಂತವಾಯಿತು. ಐದು ರೂಪಾಯಿಯ ವಸ್ತು! ಅದಕ್ಕೂ ಮುಂಚೆ ರಿಪೇರಿಯವನೊಬ್ಬ ದೀಪದ ಬೋರ್ಡ್ ಹೋಗಿದೆ ಎಂದು 1,800 ಕಿತ್ತುಕೊಂಡಿದ್ದ.

ಇನ್ನೊಂದು ಮಾತು. ದಯವಿಟ್ಟು ಈ ಬಣ್ಣದ ಎಲ್‌ಇಡಿಗಳನ್ನು ಯಕ್ಷಗಾನಕ್ಕೆ ತರಬೇಡಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿರುವ ಕೆಂಪು ಬಣ್ಣ, ಹಸಿರು ಬೆಳಕು ಬಿದ್ದರೆ ಕಪ್ಪಾಗುತ್ತದೆ. ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ) ಗಂಟೆಗಟ್ಟಲೆ ಕೂತು ಬರೆದುಕೊಂಡ ಮುಖವನ್ನು ಲೈಟಿನ ಹುಡುಗ ಒಂದು ಗುಂಡಿಯಿಂದ ಅಳಿಸಿಬಿಡುತ್ತಾನೆ.

ಧಾರವಾಡ: ಇದು ನಾಟಕದ ಪ್ರಶ್ನೆ, ಯಕ್ಷಗಾನದ್ದಲ್ಲ.

ಉಡುಪಿ: ಮುಖ ಎರಡರಲ್ಲೂ ಇದೆ. ನಿಮ್ಮ ನಿರ್ದೇಶಕರ ಕಥೆ ಓದಿದ್ದೇವಲ್ಲ, ಇದನ್ನೂ ಓದಿ.

ಮೈಸೂರು: ಉಡುಪಿಯವರ ಮಾತಿಗೆ ನನ್ನ ಪೂರ್ಣ ಬೆಂಬಲ. ಕೆಂಪು, ಹಸಿರು, ನೀಲಿ ಮಾತ್ರ ಇರುವ ದೀಪದಲ್ಲಿ ಮೂರನ್ನೂ ಸೇರಿಸಿ ಬಿಳಿ ಮಾಡಿದರೆ ಮನುಷ್ಯರ ಚರ್ಮ ಹೆಣದ ಹಾಗೆ ಕಾಣುತ್ತದೆ. ಮುಖಕ್ಕೆ ಹ್ಯಾಲೊಜನ್ನೇ ಬೇಕು.

ಶಿವಮೊಗ್ಗ: ಅದಕ್ಕೇ ಬಿಳಿ ಅಥವಾ ಅಂಬರ್ ಎಲ್‌ಇಡಿಯೂ ಇರುವ ಪಾರ್ ಸಿಗುತ್ತದೆ. ಹತ್ತು ವರ್ಷ ಹಿಂದಿನ ದೀಪ ನೋಡಿ ಇಂದಿನದಕ್ಕೆ ತೀರ್ಪು ಕೊಡಬೇಡಿ.

ಹಾಸನ (ಪ್ರಶ್ನೆ ಕೇಳಿದವರು): ಎಲ್ಲರಿಗೂ ಧನ್ಯವಾದ. ಡಾಂಗಲ್ ಯಾವುದೆಂದು ಯಾರೂ ಹೇಳಲಿಲ್ಲ. ಪ್ರದರ್ಶನ ಹತ್ತಿರ ಬಂದಿದೆ.

ಧಾರವಾಡ: ಒಳಗೆ ಸ್ವಂತ ಮೈಕ್ರೋಕಂಟ್ರೋಲರ್ ಇರುವುದನ್ನು ಕೊಳ್ಳಿ, ನನ್ನದು 7,400 ಆಯಿತು. ಅಗ್ಗದ್ದರಲ್ಲಿ ಬರೀ ಯುಎಸ್‌ಬಿ ಚಿಪ್ಪು ಇರುತ್ತದೆ, ಸಮಯದ ಲೆಕ್ಕವನ್ನೆಲ್ಲ ಲ್ಯಾಪ್‌ಟಾಪೇ ಇಡಬೇಕು. ಲ್ಯಾಪ್‌ಟಾಪ್ ಬೇರೆ ಕೆಲಸಕ್ಕೆ ಕೈ ಹಾಕಿದ ಕೂಡಲೇ ದೀಪ ಕಣ್ಣು ಮಿಟುಕಿಸುತ್ತದೆ. ಉಳಿದ ಹಣಕ್ಕೆ ಬಳಸಿದ ಫೇಡರ್ ಬೋರ್ಡ್ ಹುಡುಕಿ.

ಶಿವಮೊಗ್ಗ: ಡಾಂಗಲ್ ವಿಷಯದಲ್ಲಿ ಧಾರವಾಡದವರು ಹೇಳಿದ್ದು ಸರಿ. ಫೇಡರ್ ಬೋರ್ಡ್ ವಿಷಯದಲ್ಲಿ ಅಲ್ಲ. ಓಡುವ ನಟಿಯನ್ನು ಎರಡು ಫೇಡರ್ ಹಿಡಿದು ಹಿಂಬಾಲಿಸಿ ತೋರಿಸಲಿ, ನಾನೇ ಬಂದು ನೋಡುತ್ತೇನೆ.

ಧಾರವಾಡ: ಬನ್ನಿ. ಮುಂದಿನ ಪ್ರದರ್ಶನದಲ್ಲಿ ಓಡುವ ಪಾತ್ರವೂ ಇದೆ, ಸಾಯುವ ಪಾತ್ರವೂ ಇದೆ. ನಿಮ್ಮ ವೈರ್ ಕಂಟ್ರೋಲರನ್ನೂ ತನ್ನಿ.