ನ್ಯೂಟ್ರಲ್ ದೀಪ ಉರಿಯುತ್ತಿದ್ದಾಗಲೇ ಗಾಡಿ ನುಗ್ಗಿತು, ಪುಣೆಯಲ್ಲಿರುವವರು ದಾರಿ ಹೇಳಿ

ಕೋಥರೂಡ್ ಸವಾರ
ಬೆಳಿಗ್ಗೆ ಸೆಲ್ಫ್ ಸ್ಟಾರ್ಟ್ ಗುಂಡಿ ಒತ್ತಿದ ತಕ್ಷಣ ಬೈಕ್ ಮುಂದಕ್ಕೆ ನುಗ್ಗಿ ಪಾರ್ಕಿಂಗ್‌ನ ಕಂಬಕ್ಕೆ ಬಡಿಯಿತು. ಮುಂದಿನ ಮಡ್‌ಗಾರ್ಡ್ ಸೀಳಿದೆ, ನನ್ನ ಮೊಣಕಾಲು ತರಚಿದೆ. ಗೇರ್ ಬಿದ್ದಿಲ್ಲವೆಂದು ತೋರಿಸುವ ಹಸಿರು ನ್ಯೂಟ್ರಲ್ ದೀಪ ಉರಿಯುತ್ತಿದ್ದುದನ್ನು ಕಣ್ಣಾರೆ ನೋಡಿಯೇ ಒತ್ತಿದ್ದು. ಅದೇ ಕಂಬದ ಬಳಿ ಮಕ್ಕಳು ಶಾಲೆಯ ಬಸ್ಸಿಗೆ ಕಾಯುತ್ತಾರೆ, ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಮೆಕ್ಯಾನಿಕ್ ‘ಗೇರಿನಲ್ಲಿತ್ತು, ಅಷ್ಟೇ’ ಎಂದು ಹೇಳಿ ಕೈತೊಳೆದುಕೊಂಡ. ಗೇರಿನಲ್ಲಿದ್ದರೆ ದೀಪ ಏಕೆ ಉರಿಯಬೇಕು? ಯಾರಿಗಾದರೂ ಹೀಗಾಗಿದೆಯೇ?

ಭೋಸರಿ ಫಿಟ್ಟರ್
ಕ್ಲಚ್ ಪ್ಲೇಟ್ ಅಂಟಿಕೊಂಡಿವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪ್ಲೇಟುಗಳ ನಡುವಿನ ಆಯಿಲ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಲಿವರ್ ಪೂರ್ತಿ ಎಳೆದರೂ ಚಕ್ರಕ್ಕೆ ಎಳೆತ ಹೋಗುತ್ತದೆ. ಯಾವ ಆಯಿಲ್ ಹಾಕಿದ್ದೀರಿ? 20ಡಬ್ಲ್ಯು-50ರಂಥ ದಪ್ಪ ಆಯಿಲ್ ಆಗಿದ್ದರೆ ಇವತ್ತೇ ಬದಲಿಸಿ.

ಚಿಂಚವಾಡ 150
ಯಾವ ಗಾಡಿ, ಯಾವ ವರ್ಷದ್ದು? ಇದನ್ನು ಹೇಳದಿದ್ದರೆ ಉತ್ತರ ಕೊಡುವುದು ಹೇಗೆ?

ಕೋಥರೂಡ್ ಸವಾರ
150 ಸಿಸಿ, 2021ರದ್ದು, ಬಿಎಸ್6. ಆಯಿಲ್ ಕಂಪನಿ ಹೇಳಿದ 10ಡಬ್ಲ್ಯು-30.

ಭೋಸರಿ ಫಿಟ್ಟರ್
ಹಾಗಾದರೆ ಯಾರೋ ಕಾರಿನ ಆಯಿಲ್ ಸುರಿದಿದ್ದಾರೆ. ಡಬ್ಬಿಯ ಮೇಲೆ ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಎಂದು ಹೇಳುವ ಜಾಸೋ ಎಂಎ ಗುರುತು ಇತ್ತೇ?

ಚಿಂಚವಾಡ 150
ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಅಂಟುವುದಿಲ್ಲ. ಎಲ್ಲದಕ್ಕೂ ಆಯಿಲ್ ಒಂದನ್ನೇ ದೂರಬೇಡಿ.

ಭೋಸರಿ ಫಿಟ್ಟರ್
ಎಂಜಿನ್ ಬಿಚ್ಚಿ ಜೋಡಿಸಿದ ಕೈ ಇದು. ಪ್ಲೇಟು ಅಂಟುವುದನ್ನು ನೋಡದವರು ನನಗೆ ಪಾಠ ಹೇಳುವುದು ಬೇಡ.

ಹಳೆ ಬುಲೆಟ್
ಈ ಸ್ವಿಚ್ಚುಗಳ ರಗಳೆಯೇ ನನಗಿಲ್ಲ. ಬಲಗಾಲಿಗೆ ಗೇರ್, ಅದರ ಜೊತೆಗೆ ನ್ಯೂಟ್ರಲ್‌ಗೆಂದೇ ಇರುವ ಸಣ್ಣ ಪೆಡಲ್. ಅಮ್ಮೀಟರ್ ಮುಳ್ಳು ನಡುವಿಗೆ ಬಂದಾಗ ಡಿಕಂಪ್ರೆಸರ್ ಹಿಡಿದು ಕಿಕ್ಕರ್ ಅನ್ನು ಸ್ವಲ್ಪ ಇಳಿಸಿ, ಬಿಟ್ಟು, ಒಂದು ಒದೆ ಕೊಟ್ಟರೆ ಚಾಲೂ. ಕಳೆದ ತಿಂಗಳು ಹೊಸ ಕ್ರ್ಯಾಶ್ ಗಾರ್ಡ್, ಹಿತ್ತಾಳೆಯ ಟ್ಯಾಂಕ್ ಬ್ಯಾಡ್ಜ್ ಹಾಕಿಸಿ ತಾಮ್ಹಿಣಿ ಘಾಟಿಗೆ ಹೋಗಿದ್ದೆ. ಚಿತ್ರಗಳನ್ನು ಹಾಕಲೇ?

ಚಿಂಚವಾಡ 150
ಅಣ್ಣಾ, ಚಿತ್ರಗಳಿಗೆ ಬೇರೆ ಜಾಗವಿದೆ. ಇಲ್ಲಿ ಒಬ್ಬರ ಕಾಲಿಗೆ ಪೆಟ್ಟಾಗಿದೆ.

ಧಾರವಾಡದವರು, ಈಗ ಪುಣೆ
ಸವಾರರೇ, ಎರಡೇ ಪ್ರಶ್ನೆ. ಒತ್ತಿದಾಗ ಕ್ಲಚ್ ಹಿಡಿದಿದ್ದಿರಾ? ಇತ್ತೀಚೆಗೆ ಎಡಗಡೆಯ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲುಚಕ್ರ) ಕವರ್ ಯಾರಾದರೂ ಬಿಚ್ಚಿದ್ದರೇ?

ಕೋಥರೂಡ್ ಸವಾರ
ಇಲ್ಲ ಸರ್. ದೀಪ ಉರಿಯುತ್ತಿರುವಾಗ ಕ್ಲಚ್ ಏಕೆ? ನಾನು ಗಾಡಿಯ ಪಕ್ಕದಲ್ಲಿ ನಿಂತಿದ್ದೆ, ಸೈಡ್ ಸ್ಟ್ಯಾಂಡ್ ಕೂಡ ಇಳಿದಿತ್ತು. ಪಾರ್ಕಿಂಗ್ ಇಳಿಜಾರಾಗಿರುವುದರಿಂದ ರಾತ್ರಿ ಒಂದನೇ ಗೇರಿನಲ್ಲಿ ನಿಲ್ಲಿಸುತ್ತೇನೆ. ಚೈನ್ ಸೆಟ್ ಹೋದ ವಾರ ಬದಲಿಸಿದ್ದು, ಸಾಮಾನು ನಾನಾ ಪೇಠಿನಿಂದ ನಾನೇ ತಂದಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಧಾರವಾಡದವರು, ಈಗ ಪುಣೆ
ಸಂಬಂಧ ಅಲ್ಲಿಯೇ ಇದೆ. ಕ್ಲಚ್ ಹಿಡಿದೇ ಇಲ್ಲವೆಂದ ಮೇಲೆ ಪ್ಲೇಟ್ ಅಂಟಿದ ಮಾತೇ ಬರುವುದಿಲ್ಲ.

ನ್ಯೂಟ್ರಲ್ ಸ್ವಿಚ್ಚಿನಿಂದ ಹೊರಡುವುದು ಒಂದೇ ತಂತಿ. ಗಾಡಿ ನ್ಯೂಟ್ರಲ್‌ಗೆ ಬಂದಾಗ ಸ್ವಿಚ್ಚು ಆ ತಂತಿಯನ್ನು ಎಂಜಿನ್ ಮೈಗೆ, ಅಂದರೆ ಅರ್ಥ್‌ಗೆ, ಸೇರಿಸುತ್ತದೆ, ದೀಪ ಉರಿಯುತ್ತದೆ. ಅದೇ ತಂತಿಯ ಹೊದಿಕೆ ಸುಲಿದು ತಾಮ್ರ ಲೋಹಕ್ಕೆ ತಾಗಿದರೂ ದೀಪ ಉರಿಯುತ್ತದೆ, ಗೇರ್ ಯಾವುದಿದ್ದರೂ ಸರಿ. ಅನೇಕ ಗಾಡಿಗಳಲ್ಲಿ ಈ ತಂತಿ ಹಾದುಹೋಗುವುದು ಮುಂದಿನ ಸ್ಪ್ರಾಕೆಟ್ ಪಕ್ಕದಲ್ಲಿಯೇ. ಕವರ್ ಮುಚ್ಚುವಾಗ ಕ್ಲಿಪ್ಪಿಗೆ ಸಿಕ್ಕಿಸದೆ ಬೋಲ್ಟ್ ಬಿಗಿದರೆ ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ.

ಭಯವಾಗುವುದು ಮುಂದಿನದಕ್ಕೆ. ನ್ಯೂಟ್ರಲ್‌ನಲ್ಲಿದ್ದರೆ ಕ್ಲಚ್ ಹಿಡಿಯದೆಯೂ ಸೆಲ್ಫ್ ತಿರುಗಲು ಬಿಡುವಂತೆ, ಸ್ಟ್ಯಾಂಡ್ ಇಳಿದಿದ್ದರೂ ಎಂಜಿನ್ ನಡೆಯಲು ಬಿಡುವಂತೆ ವಯರಿಂಗ್ ಇರುತ್ತದೆ. ಆ ಒಂದು ತಂತಿ ಸುಳ್ಳು ಹೇಳಿತೆಂದರೆ ಕ್ಲಚ್ ಸ್ವಿಚ್ಚು, ಸ್ಟ್ಯಾಂಡ್ ಸ್ವಿಚ್ಚು ಎರಡೂ ಸರಿಯಾಗಿದ್ದೂ ಪ್ರಯೋಜನವಿಲ್ಲ. ಸ್ಟ್ಯಾಂಡ್ ಇಳಿದಿರುವಂತೆಯೇ ರಸ್ತೆಗೆ ಹೋಗಿಬಿಡಬಹುದು, ಎಡ ತಿರುವಿನಲ್ಲಿ ಅದು ನೆಲಕ್ಕೆ ಒತ್ತಿದರೆ ಗತಿಯೇನು?

ಎಂಜಿನ್ ಚಾಲೂ ಮಾಡದೆ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಕೀಲಿ ತಿರುಗಿಸಿ. ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಒಂದನೇ ಗೇರಿಗೆ ಹಾಕಿ. ದೀಪ ಆರದಿದ್ದರೆ ತಂತಿ ಅಥವಾ ಸ್ವಿಚ್ಚು ಹಾಳಾಗಿದೆ. ದೀಪ ಆರಿ, ಕ್ಲಚ್ ಎಳೆದಾಗ ಮಾತ್ರ ಮತ್ತೆ ಹೊತ್ತಿಕೊಂಡರೆ ವಯರಿಂಗ್‌ನಲ್ಲಿರುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿದೆ.

ಅಲ್ಲಿಯವರೆಗೆ ದಯವಿಟ್ಟು ಪಕ್ಕದಲ್ಲಿ ನಿಂತು ಸೆಲ್ಫ್ ಒತ್ತಬೇಡಿ. ಸೀಟಿನ ಮೇಲೆ ಕುಳಿತು, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ನೋಡಿ, ಕ್ಲಚ್ ಪೂರ್ತಿ ಎಳೆದು, ಮುಂದಿನ ಬ್ರೇಕ್ ಹಿಡಿದು ಆಮೇಲೆ ಒತ್ತಿ. ದೀಪ ಸರಿಯಾದ ಮೇಲೂ ಹೀಗೆಯೇ ಮಾಡಿ.

ಭೋಸರಿ ಫಿಟ್ಟರ್
ಸರಿ. ಆದರೂ ಕ್ಲಚ್ ಕೇಬಲ್ ಸಡಿಲವಿದೆಯೇ ನೋಡಿಸಿ. ಲಿವರ್ ಸ್ವಲ್ಪ ಎಳೆದಾಗಲೇ ಸ್ವಿಚ್ಚು ಒತ್ತಿಕೊಳ್ಳುತ್ತದೆ, ಪ್ಲೇಟು ಬಿಡುವುದು ಆಮೇಲೆ.

ಧಾರವಾಡದವರು, ಈಗ ಪುಣೆ
ಈ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಕೋಥರೂಡ್ ಸವಾರ
ಸರ್, ಗೇರ್ ಹಾಕಿದರೂ ದೀಪ ಆರಲಿಲ್ಲ. ಕವರ್ ಬಿಚ್ಚಿದೆವು. ಗ್ರೀಸ್ ಮೆತ್ತಿದ ಕೆಂಪು ಕೆಸರಿನ ಅಡಿಯಲ್ಲಿ ತಂತಿ ಚಪ್ಪಟೆಯಾಗಿ ಬಿದ್ದಿತ್ತು, ಬೋಲ್ಟಿನ ಅಂಚಿನಲ್ಲಿ ಉಗುರಿನಷ್ಟು ತಾಮ್ರ ಹೊಳೆಯುತ್ತಿತ್ತು. ಕ್ಲಿಪ್ಪು ಅಲ್ಲಿಯೇ ಖಾಲಿ ಇತ್ತು. ಬೇರೆ ಗ್ಯಾರೇಜಿನಲ್ಲಿ ಆ ತುಂಡನ್ನು ತೆಗೆದು, ಹೊಸ ತಂತಿ ಬೆಸೆದು, ಸ್ಲೀವ್ ಹಾಕಿಸಿದೆ. ಈಗ ಗೇರ್ ಬಿದ್ದೊಡನೆ ದೀಪ ಆರುತ್ತದೆ. ಕ್ಲಚ್ ಕೇಬಲ್ ನೋಡಿಸುವುದು ಬಾಕಿಯಿದೆ.

ವಾಕಡ್ ಕನ್ನಡಿಗ
ಇದೇ ಜಾಗದಲ್ಲಿ ಕೇಳುತ್ತೇನೆ. ಮಳೆಯಲ್ಲಿ ನನ್ನ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ತುಂಬಿ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುತ್ತದೆ. ಎರಡು ತಂತಿ ಸೇರಿಸಿ ಸ್ವಿಚ್ಚನ್ನೇ ತೆಗೆದುಬಿಡಲೇ?

ಧಾರವಾಡದವರು, ಈಗ ಪುಣೆ
ಬೇಡ. ತೊಳೆದು, ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಆಗದಿದ್ದರೆ ಹೊಸದು ಹಾಕಿಸಿ. ಯಾವ ಗಾಡಿ, ಯಾವ ವರ್ಷ?